ಹಡಗು ಹತ್ತುವ ಮುನ್ನ ಸಂಕೋಚ ಇಳಿಸಿಡಿ

ಕ್ರೂಸ್‌ಗೆ ಹೊರಟ ಅಪ್ಪ–ಅಮ್ಮಂದಿರಿಗೂ, ಅವರ ಟಿಕೆಟ್ ತೆಗೆಯುವ ಮಕ್ಕಳಿಗೂ ಒಂದಿಷ್ಟು ತಿಳಿವಳಿಕೆ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ಹಿರಿಯರು ನೋಡಿಬರುವ ಜಾಗಗಳ ಪಟ್ಟಿ ಒಂದು ಕಾಲಕ್ಕೆ ನಯಾಗರಾ, ವಾಷಿಂಗ್ಟನ್, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದಲ್ಲಿ ಮುಗಿಯುತ್ತಿತ್ತು. ಈಗ ಅದಕ್ಕೆ ಅಲಾಸ್ಕಾ ಕ್ರೂಸ್ ಸೇರಿಕೊಂಡಿದೆ. ಸಿಯಾಟಲ್‌ನಲ್ಲೋ ಕೆನಡಾದ ವ್ಯಾಂಕೂವರ್‌ನಲ್ಲೋ ಹಡಗು ಹತ್ತಿದರೆ ವಾರವಿಡೀ ಹಿಮನದಿ, ತಿಮಿಂಗಿಲ, ಕಡಲಿಗೇ ಇಳಿದಂತಿರುವ ಕಾಡು. ಅಪ್ಪನ ನಿವೃತ್ತಿಗೆ, ಅರವತ್ತರ ಶಾಂತಿಗೆ, ಮದುವೆಯ ಐವತ್ತನೇ ವರ್ಷಕ್ಕೆ ಮಕ್ಕಳು ಪ್ರೀತಿಯಿಂದ ಕೊಡುವ ಉಡುಗೊರೆ ಇದು. ಬುಕಿಂಗ್‌ಗೆ ಮೊದಲು ಫೋನಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ.

‘ಅಪ್ಪ, ಮಂಡಿನೋವು ಈಗ ಹೇಗಿದೆ? ಏಳು ದಿನದ ಕ್ರೂಸು, ಆಗುತ್ತಾ?’

‘ಏನಿಲ್ಲ ಕಣಪ್ಪ, ಆರಾಮಾಗಿದೀನಿ. ನೀನು ಬುಕ್ ಮಾಡು.’

ಮಂಡಿ ಆರಾಮಾಗಿರುವುದಿಲ್ಲ. ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಒಂದು ಕಿವಿ ಮಂದವಾಗಿದೆ. ಸ್ಟೆಂಟ್ ಹಾಕಿಸಿದ್ದು ಮಗನಿಗೆ ಗೊತ್ತು. ಆಮೇಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎನ್ನುವುದು ಅಮ್ಮನಿಗೆ ಮಾತ್ರ ಗೊತ್ತು. ಮಗ ಇಷ್ಟು ದುಡ್ಡು ಹಾಕುತ್ತಿರುವಾಗ ಇದನ್ನೆಲ್ಲ ಹೇಳಿ ಅವನ ಉತ್ಸಾಹಕ್ಕೆ ತಣ್ಣೀರು ಎರಚುವುದೇಕೆ ಎಂಬ ಸಂಕೋಚ. ಹಿರಿಯರು ಕಡಲಿನ ಮೇಲೆ ಅನುಭವಿಸುವ ಅನೇಕ ತೊಂದರೆಗಳ ಬೇರು ಇಲ್ಲಿದೆ. ನೋಯುವ ಮಂಡಿಗೂ ಕೇಳದ ಕಿವಿಗೂ ಸಕ್ಕರೆ ಕಾಯಿಲೆಗೂ ಹಡಗಿನಲ್ಲಿ ವ್ಯವಸ್ಥೆ ಇರುತ್ತದೆ. ಆದರೆ ಅದು ಮೊದಲೇ ಬಾಯಿಬಿಟ್ಟು ಹೇಳಿದವರಿಗೆ ಸಿಗುವ ವ್ಯವಸ್ಥೆ.

ಹಿರಿಯರಿಗೆ ಹಡಗೇಕೆ ಹಿತ?

ವಯಸ್ಸಾದವರಿಗೆ ಪ್ರವಾಸದಲ್ಲಿ ದಣಿವಾಗುವುದು ಜಾಗ ನೋಡುವುದರಿಂದಲ್ಲ. ದಿನಕ್ಕೊಂದು ಹೋಟೆಲು, ದಿನವೂ ಪೆಟ್ಟಿಗೆ ಕಟ್ಟುವ ಕೆಲಸ, ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುವುದು, ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಆತಂಕ. ಕ್ರೂಸ್‌ನಲ್ಲಿ ಇವ್ಯಾವುವೂ ಇಲ್ಲ. ಒಮ್ಮೆ ಬಟ್ಟೆ ಜೋಡಿಸಿಟ್ಟರೆ ಊರುಗಳೇ ಕಿಟಕಿಯ ಮುಂದೆ ಬರುತ್ತವೆ. ಅಲಾಸ್ಕಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ಬಂದು ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರೆ ಸಾಕು, ಹಿಮಗಡ್ಡೆ ಕಳಚಿ ನೀರಿಗೆ ಬೀಳುವುದು ಕಣ್ಣೆದುರೇ ಕಾಣುತ್ತದೆ.

ಈ ಅನುಕೂಲಗಳನ್ನು ವೈದ್ಯರೂ ಗಮನಿಸಿದ್ದಾರೆ. ಷಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇಬ್ಬರು ತಜ್ಞರು 2004ರಲ್ಲಿ ಅಮೆರಿಕದ ವೃದ್ಧಾಪ್ಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆರೈಕೆಯುಳ್ಳ ವೃದ್ಧಾಶ್ರಮದಲ್ಲಿ ಇರುವುದಕ್ಕೆ ಬದಲು ಕ್ರೂಸ್ ಹಡಗಿನಲ್ಲೇ ವಾಸ ಮಾಡಿದರೆ ಹೇಗೆ ಎಂದು ಅದರಲ್ಲಿ ಲೆಕ್ಕ ಹಾಕಿ ನೋಡಿ, ಎರಡರ ಖರ್ಚಿನಲ್ಲಿ ಭಾರಿ ಅಂತರವೇನಿಲ್ಲ ಎಂದು ತೋರಿಸಿದರು. ಹೊತ್ತುಹೊತ್ತಿಗೆ ಊಟ, ಕೋಣೆ ಗುಡಿಸುವವರು, ಲಿಫ್ಟು, ಮಾತಿಗೆ ಜನ, ಕರೆದರೆ ಬರುವ ಡಾಕ್ಟರು, ಎಲ್ಲವೂ ಹಡಗಿನಲ್ಲಿದೆ. ಆದರೂ ಹಡಗು ಆಸ್ಪತ್ರೆಯಲ್ಲ; ಆ ಮಿತಿಯ ಮಾತು ಮುಂದಿದೆ. ಹೊರಡುವ ಮೊದಲು ಗಮನಿಸಬೇಕಾದದ್ದು ವೀಸಾ.

1886ರ ಕಾನೂನು, ಇಂದಿನ ವೀಸಾ

ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಸಿಯಾಟಲ್ಲೂ ಅಮೆರಿಕದ್ದೇ ಊರು. ಹಾಗಾಗಿ ಅಮೆರಿಕದ ವೀಸಾ ಇದ್ದರೆ ಸಾಕು ಎಂದುಕೊಳ್ಳುವುದು ಸಹಜ. ಇಲ್ಲಿ ಒಂದು ತೊಡಕಿದೆ. ಒಂದು ಅಮೆರಿಕನ್ ಬಂದರಿನಿಂದ ಹೊರಟು ಮತ್ತೆ ಅಲ್ಲಿಗೇ ಮರಳುವ ವಿದೇಶಿ ನೋಂದಣಿಯ ಪ್ರಯಾಣಿಕರ ಹಡಗು ನಡುವೆ ಒಂದು ವಿದೇಶಿ ಬಂದರನ್ನಾದರೂ ಮುಟ್ಟಬೇಕು. 1886ರ ಪ್ರಯಾಣಿಕ ನೌಕಾ ಕಾಯ್ದೆಯ ನಿಯಮವಿದು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾದಂಥ ಕಡೆ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತದೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇಕು. ಇಲ್ಲದಿದ್ದರೆ ಸಿಯಾಟಲ್‌ನ ಕೌಂಟರಿನಲ್ಲೇ ಹಿಂದೆ ಕಳಿಸಬಹುದು.

ಯುರೋಪಿನ ಕ್ರೂಸ್‌ಗೂ ಇಂಥದೇ ಎಚ್ಚರ ಬೇಕು. ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವ ಹಡಗಾದರೆ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿರಬಾರದು. ಟಿಕೆಟ್ಟಿಗೆ ದುಡ್ಡು ಕಟ್ಟುವ ಮೊದಲೇ ಹಡಗು ನಿಲ್ಲುವ ಊರುಗಳ ಪಟ್ಟಿ ಹಿಡಿದು ವೀಸಾ ವಿಚಾರಿಸಿಕೊಳ್ಳಬೇಕು.

ಕ್ಯಾಬಿನ್‌ನಲ್ಲಿ ಒಂದು ರಾತ್ರಿ

ಕ್ಯಾಬಿನ್ ಆರಿಸುವಾಗ ಮಕ್ಕಳು ನೋಡುವುದು ಬಾಲ್ಕನಿ. ಹಿರಿಯರಿಗೆ ಅದಕ್ಕಿಂತ ಮುಖ್ಯವಾದದ್ದು ಬಚ್ಚಲುಮನೆ. ಹಡಗಿನ ಬಚ್ಚಲುಮನೆಯ ನೀರು ಕೋಣೆಗೆ ಹರಿಯದಿರಲೆಂದು ಬಾಗಿಲಿಗೆ ಹಳೆಯ ಮನೆಗಳ ಹೊಸ್ತಿಲಿನಂಥ ಎತ್ತರದ ಕಟ್ಟೆ ಇಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಹೊಸ್ತಿಲು ಎಲ್ಲಿದೆಯೆಂದು ಕಾಲಿಗೇ ಗೊತ್ತು. ಹಡಗಿನಲ್ಲಿ ಹಾಗಲ್ಲ. ರಾತ್ರಿ ಎರಡು ಗಂಟೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಆದರೆ ಕಗ್ಗತ್ತಲು. ಕೈ ಚಾಚಿದರೆ ಕೈ ಕಾಣದು. ಹಡಗು ಮೆಲ್ಲಗೆ ಒಂದು ಕಡೆ ವಾಲಿ ಇನ್ನೊಂದು ಕಡೆಗೆ ತಿರುಗುತ್ತಿದೆ. ಬಿಪಿ ಮಾತ್ರೆ ತೆಗೆದುಕೊಂಡವರು ತಟ್ಟನೆ ಎದ್ದು ನಿಂತರೆ ನೆಲದ ಮೇಲೇ ತಲೆ ತಿರುಗುತ್ತದೆ, ಇಲ್ಲಿ ನೆಲವೂ ನಿಂತಿಲ್ಲ. ಕಾಲು ಕಟ್ಟೆಗೆ ತಗಲುತ್ತದೆ. ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು.

ತಡೆಯುವ ಉಪಾಯಗಳು ಸರಳ. ಬಚ್ಚಲುಮನೆಯ ದೀಪ ಹಾಕಿಟ್ಟು ಬಾಗಿಲು ಚೂರು ತೆರೆದಿಡಿ, ಇಲ್ಲವೇ ಬ್ಯಾಟರಿಯ ಪುಟ್ಟ ದೀಪವೊಂದನ್ನು ಒಯ್ಯಿರಿ. ಎದ್ದ ಕೂಡಲೇ ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಸ್ನಾನಕ್ಕೆ ಕೂರುವ ಕುರ್ಚಿ, ಕಮೋಡಿನ ಎತ್ತರ ಹೆಚ್ಚಿಸುವ ಪೀಠ ಮೊದಲೇ ಕೇಳಿದರೆ ಬಹಳಷ್ಟು ಹಡಗುಗಳಲ್ಲಿ ಕೊಡುತ್ತಾರೆ. ಗಾಲಿಕುರ್ಚಿಯವರಿಗೆಂದೇ ಹೊಸ್ತಿಲಿಲ್ಲದ, ಹಿಡಿಕೆಗಳಿರುವ, ಅಗಲ ಬಾಗಿಲಿನ ಕ್ಯಾಬಿನ್‌ಗಳಿವೆ. ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆ ತನ್ನ ನೀರಿನಲ್ಲಿರುವ ವಿದೇಶಿ ಕ್ರೂಸ್ ಹಡಗುಗಳಿಗೂ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಆದರೆ ಇಂಥ ಕ್ಯಾಬಿನ್‌ಗಳ ಸಂಖ್ಯೆ ಕಡಿಮೆ, ಬೇಗ ತುಂಬಿಹೋಗುತ್ತವೆ.

ಅಮ್ಮ ಒಬ್ಬರೇ ಹೊರಟಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಕ್ರೂಸ್ ದರವೆಲ್ಲ ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದ್ದು. ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಎರಡು ಟಿಕೆಟ್ಟಿನ ಹಣ ಕಟ್ಟಬೇಕಾಗಬಹುದು. ನಾರ್ವೀಜಿಯನ್ ಎಪಿಕ್ ಹಡಗು 2010ರಲ್ಲಿ ಒಂಟಿ ಪ್ರಯಾಣಿಕರಿಗೆಂದೇ ಪುಟ್ಟ ಕೋಣೆಗಳನ್ನು ತಂದ ಮೇಲೆ ಬೇರೆ ಹಡಗುಗಳಲ್ಲೂ ಅವು ಬಂದಿವೆ. ಅನೇಕ ಮನೆಗಳಲ್ಲಿ ಖರ್ಚು ಉಳಿಸಲು ಅಮ್ಮನನ್ನು ತಮ್ಮ ಕೋಣೆಗೇ ಸೇರಿಸಿಕೊಳ್ಳುತ್ತಾರೆ. ಆ ಮೂರನೆಯ ಹಾಸಿಗೆ ಎಂದರೆ ಸೋಫಾ, ಇಲ್ಲವೇ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಬಿಡುವ ಏಣಿ ಮಂಚ. ಮಂಡಿನೋವಿನ ಅಮ್ಮ ಸೋಫಾ ಮೇಲೆ ಏಳು ರಾತ್ರಿ ಮಲಗಬೇಕಾಗುತ್ತದೆ, ‘ನಂಗೇನೂ ತೊಂದರೆಯಿಲ್ಲ’ ಎನ್ನುತ್ತಲೇ ಇರುತ್ತಾರೆ. ಮಂಚ ಅಮ್ಮನಿಗೆ, ಸೋಫಾ ಮಗನಿಗೆ ಎಂದು ಮನೆಯಲ್ಲೇ ತೀರ್ಮಾನವಾಗಲಿ.

ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು

ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಅದರ ಬೆನ್ನಿಗೇ, 1914ರಲ್ಲಿ, ಕಡಲಿನ ಮೇಲೆ ಜೀವರಕ್ಷಣೆಗಾಗಿ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎಂಬ ತಾಲೀಮನ್ನು ಹಡಗು ಹೊರಟ 24 ಗಂಟೆಯೊಳಗೆ ಮಾಡಿದರಾಯಿತು ಎಂದು ಬಹುಕಾಲ ನಿಯಮವಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ವಾಲಿತು. ಆ ದಿನವಷ್ಟೇ ಹಡಗು ಹತ್ತಿದ್ದ ನೂರಾರು ಜನರಿಗೆ ತಾಲೀಮೇ ಆಗಿರಲಿಲ್ಲ. 32 ಮಂದಿ ಸತ್ತರು. ಆಮೇಲೆ ನಿಯಮ ಬಿಗಿಯಾಯಿತು: 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕು.

ಈಗ ಅನೇಕ ಹಡಗುಗಳಲ್ಲಿ ಈ ತಾಲೀಮಿನ ಬಹುಭಾಗ ಮೊಬೈಲಿನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ನಡೆಯುತ್ತದೆ. ವಿಡಿಯೊ ನೋಡಿ, ತಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯಿತು. ಮಗ ಎಲ್ಲರ ಮೊಬೈಲನ್ನೂ ತಾನೇ ಒತ್ತಿ ಮುಗಿಸಿಬಿಡುತ್ತಾನೆ. ಅಪ್ಪ ಹಿಂದೆ ನಿಂತು ತಲೆಯಾಡಿಸುತ್ತಾರೆ. ವೇಗದ ಇಂಗ್ಲಿಷ್ ಕಿವಿಗೆ ಬಿದ್ದಿರುವುದಿಲ್ಲ. ತುರ್ತು ಸೂಚನೆಯೆಂದರೆ ಸೈರನ್ನಿನ ಏಳು ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು. ಆಗ ಲಿಫ್ಟ್ ಬಳಸುವಂತಿಲ್ಲ. ಆದ್ದರಿಂದ ಮೊದಲ ದಿನವೇ ಅಪ್ಪ–ಅಮ್ಮನನ್ನು ಕ್ಯಾಬಿನ್ನಿನಿಂದ ಸೇರುವ ಜಾಗಕ್ಕೆ ಮೆಟ್ಟಿಲಿನ ದಾರಿಯಲ್ಲೇ ಒಮ್ಮೆ ನಿಧಾನವಾಗಿ ನಡೆಸಿಕೊಂಡು ಹೋಗಿ. ಮೆಟ್ಟಿಲು ಆಗುವುದಿಲ್ಲ ಎಂದು ಆಗಲೇ ಗೊತ್ತಾದರೆ ರಿಸೆಪ್ಷನ್‌ನಲ್ಲಿ ಹೇಳಿ. ತುರ್ತಿನಲ್ಲಿ ತಮಗೆ ನೆರವು ಬೇಕೆಂದು ಹೇಳಿಕೊಂಡವರ ವಿವರ ಹಡಗು ಹೊರಡುವ ಮೊದಲೇ ಕ್ಯಾಪ್ಟನ್ ಕೈ ಸೇರಬೇಕೆಂಬುದು ಸೋಲಾಸ್ ನಿಯಮ. ಹೇಳಿಕೊಳ್ಳದವರ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ.

ಹೊಟ್ಟೆ ತೊಳಸಿದಾಗ

ಸಮುದ್ರದ ಹೊಯ್ದಾಟಕ್ಕೆ ವಾಂತಿ ಬರುವವರು ದಾರಿಯನ್ನೂ ನೋಡಿ ಆರಿಸಬೇಕು. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯಲ್ಲಿ ಸಾಗುವ ಒಳದಾರಿ ಹಿಡಿಯುತ್ತವೆ, ಅಲ್ಲಿ ನೀರು ಶಾಂತ. ಸಿಯಾಟಲ್‌ನಿಂದ ಹೊರಡುವ ಎಷ್ಟೋ ಹಡಗುಗಳು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಹಡಗಿನ ಪಕ್ಕಗಳಲ್ಲಿರುವ ರೆಕ್ಕೆಗಳು ಅಕ್ಕಪಕ್ಕದ ವಾಲಾಟವನ್ನು ತಗ್ಗಿಸುತ್ತವೆ, ಮುಂದೆ–ಹಿಂದೆ ಏಳುಬೀಳುವುದನ್ನು ಅಷ್ಟಾಗಿ ತಡೆಯಲಾರವು. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್‌ನಲ್ಲಿ ಅಲುಗಾಟ ಕಡಿಮೆ.

ಮಾತ್ರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮಲ್ಲಿ ಘಾಟಿ ದಾರಿಗೆಂದು ನುಂಗುವ ಆವೊಮಿನ್, ಅಮೆರಿಕದಲ್ಲಿ ಅಂಗಡಿಯಲ್ಲೇ ಸಿಗುವ ಮೆಕ್ಲಿಜಿನ್, ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ, ಇವೆಲ್ಲ ಹರೆಯದವರಿಗೆ ಮಂಪರು ತರಿಸಿ ಸುಮ್ಮನಾಗಬಹುದು. ಅರವತ್ತೈದು ದಾಟಿದವರಲ್ಲಿ ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಮೂತ್ರ ಕಟ್ಟುವುದು, ಎಲ್ಲಿದ್ದೇನೆಂದೇ ತಿಳಿಯದಂಥ ಗೊಂದಲ, ಇಷ್ಟೂ ಆಗಬಹುದು. ಅಮೆರಿಕದ ವೃದ್ಧಾಪ್ಯ ವೈದ್ಯಕೀಯ ಸಂಘದ ‘ಬಿಯರ್ಸ್’ ಪಟ್ಟಿ ಹಿರಿಯರಲ್ಲಿ ಆದಷ್ಟೂ ಬಳಸಬಾರದೆನ್ನುವ ಔಷಧಗಳ ಸಾಲಿಗೆ ಇವು ಸೇರಿವೆ. ಪ್ರಾಸ್ಟೇಟ್ ಊದಿಕೊಂಡಿರುವವರು, ಗ್ಲಾಕೋಮಾ ಇರುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಹಡಗಿನಲ್ಲಿ ಪಕ್ಕದ ಟೇಬಲ್ಲಿನವರು ಪ್ರೀತಿಯಿಂದ ಕೊಟ್ಟ ಮಾತ್ರೆಯನ್ನಂತೂ ನುಂಗಲೇಬೇಡಿ. ತೆರೆದ ಡೆಕ್ಕಿನ ಗಾಳಿ, ದಿಗಂತದ ಕಡೆ ನೋಟ, ಒಣ ಬಿಸ್ಕತ್ತು, ಒಂದು ಚೂರು ಶುಂಠಿ, ಇವುಗಳಿಂದಲೇ ಶುರುಮಾಡಿ.

ವಾಂತಿಭೇದಿಯ ಇನ್ನೊಂದು ಕಾರಣ ನೋರೊವೈರಸ್. ಸೋಂಕು ತಗುಲಿದ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಜನ ಒತ್ತಾಗಿರುವ ಕಡೆ ಬೇಗ ಹರಡುತ್ತದೆ. ಕೈಗೆ ಸವರುವ ಸ್ಯಾನಿಟೈಸರ್ ಇದಕ್ಕೆ ಸಾಲದು; ಸೋಪು ಹಚ್ಚಿ ನೀರಿನಲ್ಲಿ ತೊಳೆಯಲೇಬೇಕು. ಭೇದಿ ಶುರುವಾದರೆ ಕೋಣೆಯಲ್ಲೇ ಕೂಡಿಹಾಕುತ್ತಾರೆಂಬ ಹೆದರಿಕೆಗೆ ಮುಚ್ಚಿಡುವವರಿದ್ದಾರೆ. ಹಿರಿಯರ ಮೈಯಲ್ಲಿ ನೀರಿನಂಶ ಬೇಗ ಇಳಿದು ಕಿಡ್ನಿಗೆ ಪೆಟ್ಟಾಗುತ್ತದೆ. ಕೂಡಲೇ ಹೇಳಿ, ಓಆರ್‌ಎಸ್ ಕುಡಿಯುತ್ತಿರಿ.

ಹಡಗಿನ ಡಾಕ್ಟರು, ದಡದ ಆಸ್ಪತ್ರೆ

ದೊಡ್ಡ ಹಡಗಿನಲ್ಲಿ ವೈದ್ಯರು, ನರ್ಸುಗಳು, ಇಸಿಜಿ, ಎಕ್ಸ್‌ರೇ, ಸಣ್ಣ ಲ್ಯಾಬ್ ಇರುತ್ತವೆ. ಎದೆನೋವು ಬಂದವರನ್ನು ಸಂಭಾಳಿಸುವಷ್ಟು ಸಾಮರ್ಥ್ಯವಿದೆ. ಆಂಜಿಯೊಪ್ಲಾಸ್ಟಿ ಅಲ್ಲಿ ಆಗದು. ಮುಂದಿನ ಹೆಜ್ಜೆ ದಡದ ಆಸ್ಪತ್ರೆ. ಅಲಾಸ್ಕಾದ ರಾಜಧಾನಿ ಜೂನೊ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ಹಡಗು ಅಥವಾ ವಿಮಾನವೇ ಗತಿ. ಗಂಭೀರ ರೋಗಿಗಳನ್ನು ಅಲ್ಲಿಂದ ವಿಮಾನದಲ್ಲಿ ಸಿಯಾಟಲ್‌ಗೋ ಆಂಕರೇಜ್‌ಗೋ ಸಾಗಿಸಬೇಕಾಗುತ್ತದೆ. ಹೆಲಿಕಾಪ್ಟರ್ ಬರುವುದು ದೂರ ಮತ್ತು ಹವಾಮಾನ ಒಪ್ಪಿದರೆ ಮಾತ್ರ.

ಬಿದ್ದು ತಲೆಗೆ ಪೆಟ್ಟಾದ ಒಬ್ಬ ಹಿರಿಯರನ್ನು ಹಡಗಿನ ಕ್ಲಿನಿಕ್ಕಿನಿಂದ ಕ್ಯಾಬಿನ್‌ಗೆ ಮರಳಿ ಕಳಿಸಲಾಗಿತ್ತು, ಸುಮಾರು ಒಂದು ವಾರದಲ್ಲಿ ಅವರು ತೀರಿಕೊಂಡರು ಎಂಬ ದೂರು ಅಮೆರಿಕದ ಕೋರ್ಟಿಗೆ ಹೋಯಿತು. ಹಡಗಿನ ವೈದ್ಯರ ಲೋಪಕ್ಕೆ ಕಂಪನಿ ಹೊಣೆಯಲ್ಲ ಎಂಬ ಹಳೆಯ ನಿಲುವನ್ನು ಆ ಪ್ರಕರಣದಲ್ಲಿ, 2014ರಲ್ಲಿ, ಅಟ್ಲಾಂಟಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಪ್ರಯಾಣಿಕರಿಗೆ ಬಲ ಬಂತು, ನಿಜ. ಆದರೆ ಕೋರ್ಟಿನ ನ್ಯಾಯ ತಡವಾಗಿ ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಸಣ್ಣ ಪೆಟ್ಟಾದರೂ ಆ ಮಾತ್ರೆಯ ಹೆಸರು ಹೇಳಿಯೇ ಚಿಕಿತ್ಸೆ ಕೇಳಬೇಕು.

ಹಡಗಿನ ಆಸ್ಪತ್ರೆಯ ಬಿಲ್ಲು ನೇರವಾಗಿ ಪ್ರಯಾಣಿಕರ ಖಾತೆಗೆ ಬೀಳುತ್ತದೆ. ವಿಮೆಯಿಂದ ವಾಪಸು ಪಡೆಯುವುದು ಆಮೇಲಿನ ಮಾತು. ವಿಮೆಯ ಅರ್ಜಿಯಲ್ಲಿ ಸ್ಟೆಂಟ್, ಸಕ್ಕರೆ ಕಾಯಿಲೆ ಬಚ್ಚಿಟ್ಟರೆ ಪ್ರೀಮಿಯಂ ಒಂದಿಷ್ಟು ಉಳಿಯಬಹುದು, ಕ್ಲೇಮ್ ಪೂರ್ತಿ ಹೋಗಬಹುದು. ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ, ಯಾವ ವಯಸ್ಸಿನವರೆಗೆ, ಕೆನಡಾದ ನೀರಿನಲ್ಲೂ ಅನ್ವಯವೇ, ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಅಮೆರಿಕದಲ್ಲೇ ನೆಲೆಸಿರುವ ಹಿರಿಯ ಕನ್ನಡಿಗರೂ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇದೆಯೆಂದು ನೆಚ್ಚಿ ಕೂರುವಂತಿಲ್ಲ. ಹಡಗು ಅಮೆರಿಕದ ಬಂದರಿನಿಂದ ಆರು ಗಂಟೆಗಿಂತ ದೂರ ಸಾಗಿದ್ದರೆ ಅಲ್ಲಿನ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಸಾವಿನ ಮಾತೆತ್ತಲು ಮನೆಯಲ್ಲಿ ಎಲ್ಲರೂ ಹಿಂಜರಿಯುತ್ತಾರೆ. ದೊಡ್ಡ ಹಡಗುಗಳಲ್ಲಿ ಸಣ್ಣ ಶವಾಗಾರವೂ ಇರುತ್ತದೆ. ಪಾರ್ಥಿವ ಶರೀರವನ್ನು ಊರಿಗೆ ತರುವ ವೆಚ್ಚ ವಿಮೆಯಲ್ಲಿದೆಯೇ ಎಂದು ನೋಡುವುದು ಅಪಶಕುನವಲ್ಲ, ಉಳಿದವರ ಮೇಲಿನ ಕಾಳಜಿ.

ದಡಕ್ಕಿಳಿಯುವಾಗ

ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ 15 ಅಡಿ ಮೀರುವುದುಂಟು. ಬೆಳಿಗ್ಗೆ ಸಮನಾಗಿದ್ದ ಇಳಿಯುವ ಸೇತುವೆ ಮಧ್ಯಾಹ್ನಕ್ಕೆ ಏರಾಗಿರಬಹುದು. ಕೆಚಿಕನ್ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿನ ಕ್ರೀಕ್ ಸ್ಟ್ರೀಟಿನ ಮರದ ಹಲಗೆಯ ದಾರಿ ಒದ್ದೆಯಾದರೆ ಜಾರುತ್ತದೆ. ಹಿಡಿತವಿರುವ ಬೂಟು ಬೇಕು, ಚಪ್ಪಲಿ ಬೇಡ. ಮಂಡಿನೋವಿನವರಿಗೆ ಸ್ಕ್ಯಾಗ್‌ವೇ ಅನುಕೂಲದ ಊರು. ಚಿನ್ನದ ಬೇಟೆಯ ಕಾಲದಲ್ಲಿ, 1898ರಲ್ಲಿ, ಕಟ್ಟಲು ತೊಡಗಿದ ವೈಟ್ ಪಾಸ್ ರೈಲು ಹಡಗುಕಟ್ಟೆಯ ಹತ್ತಿರದಿಂದಲೇ ಹೊರಟು ಇಪ್ಪತ್ತು ಮೈಲಿಯಲ್ಲಿ ಸುಮಾರು 2,865 ಅಡಿ ಏರುತ್ತದೆ. ಕೂತ ಸೀಟಿನಿಂದಲೇ ಕಣಿವೆ, ಜಲಪಾತ ಕಾಣುತ್ತವೆ.

ಹಡಗು ದಡ ಮುಟ್ಟದೆ ಆಳದ ನೀರಿನಲ್ಲೇ ನಿಂತು, ಸಣ್ಣ ದೋಣಿಯಲ್ಲಿ ಇಳಿಸುವ ಊರುಗಳು ಹಿರಿಯರಿಗೆ ಕಷ್ಟ. ಗ್ರೀಸಿನ ಸಾಂಟೊರಿನಿ, ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್ ಇಂಥವು. ನಮ್ಮ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲೂ ಇದೇ ಅನುಭವ. ಕೆಳಗೆ ದೋಣಿ ಏಳುತ್ತ ಬೀಳುತ್ತ ಇರುತ್ತದೆ. ಎರಡೂ ಕಡೆಯ ನಾವಿಕರು ತೋಳು ಹಿಡಿದು ‘ಈಗ’ ಎಂದಾಗ ಹೆಜ್ಜೆ ಎತ್ತಿ ದಾಟಬೇಕು. ಅಲೆ ಜೋರಾಗಿದ್ದರೆ ಗಾಲಿಕುರ್ಚಿಯವರನ್ನು ಇಳಿಸುವುದೇ ಇಲ್ಲ.

ಇಳಿಯದಿದ್ದರೆ ನಷ್ಟವೇನೂ ಇಲ್ಲ. ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕ್ರೂಸ್ ಹಡಗುಗಳಲ್ಲಿ ಅನೇಕರು ವಯಸ್ಸಾದವರೇ. ಕೋಲೂರಿಕೊಂಡು ಇಳಿದು ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಬರುವವರು ಒಂದಿಷ್ಟು ಜನ. ಇವತ್ತು ಬಿಸಿಲು ಹೆಚ್ಚು, ನಾನು ಹಡಗಿನಲ್ಲೇ ಇರುತ್ತೇನೆ ಎನ್ನುವವರು ಇನ್ನೊಂದಿಷ್ಟು ಜನ. ಗಾಲಿಕುರ್ಚಿ ಬೇಕೆಂದು ಕೇಳುವುದಕ್ಕೂ ಇಂದು ಆಗದು ಎನ್ನುವುದಕ್ಕೂ ಅವರಿಗೆ ನಾಚಿಕೆಯಿಲ್ಲ. ಇದು ನಾವು ಕಲಿಯಬೇಕಾದ ನಡೆ.

ಕೈಚೀಲದಲ್ಲಿ ಇರಲೇಬೇಕಾದವು

• ಎಲ್ಲ ಮಾತ್ರೆಗಳು, ಒಂದೆರಡು ವಾರಕ್ಕೆ ಹೆಚ್ಚಾಗುವಷ್ಟು. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ 3,711 ಜನರೊಂದಿಗೆ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದು ನಿಲ್ಲಿಸಿದಾಗ ಅನೇಕ ಹಿರಿಯರು ಪರದಾಡಿದ್ದು ದಿನನಿತ್ಯದ ಔಷಧಕ್ಕೆ.

• ಹಡಗು ಹತ್ತುವಾಗ ಕೊಟ್ಟ ದೊಡ್ಡ ಪೆಟ್ಟಿಗೆ ಕ್ಯಾಬಿನ್ ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಕೊನೆಯ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಬೇಕು. ಎರಡೂ ಸಲ ಮಾತ್ರೆ, ಹಲ್ಲಿನ ಸೆಟ್ಟು, ಕನ್ನಡಕ, ಶ್ರವಣಯಂತ್ರದ ಬ್ಯಾಟರಿ ಕೈಯಲ್ಲೇ ಇರಲಿ.

• ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ, ಹಳೆಯ ಇಸಿಜಿಯ ಪ್ರತಿ, ವಿಮೆಯ ಫೋನ್ ಸಂಖ್ಯೆ. ಇನ್ಸುಲಿನ್ ಇಡಲು ಫ್ರಿಜ್ ಬೇಕೆಂದು ಮುಂಚೆಯೇ ತಿಳಿಸಿ.

• ಸಸ್ಯಾಹಾರ, ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಅಡುಗೆ, ಉಪ್ಪು ಕಡಿಮೆ ಊಟ, ಎಲ್ಲವನ್ನೂ ಕೆಲವು ವಾರ ಮೊದಲೇ ಬರೆದು ಕೇಳಿ. ರೈಸ್ ಕುಕ್ಕರ್, ಕೆಟಲ್ ಒಯ್ಯುವಂತಿಲ್ಲ. ಬೆಂಕಿಯ ಭಯಕ್ಕೆ ಕಿತ್ತಿಟ್ಟುಕೊಳ್ಳುತ್ತಾರೆ.

• ಹಡಗಿನ ಮೊಬೈಲ್ ಜಾಲದ ದರ ದುಬಾರಿ. ಹತ್ತಿದ ಕೂಡಲೇ ಅಪ್ಪ–ಅಮ್ಮನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ಕೇಳುವ ಬಗೆ

ಮಕ್ಕಳಿಗೆ ಒಂದು ಮಾತು. ‘ಆಗುತ್ತಾ’ ಎಂದು ಕೇಳಿದರೆ ‘ಆಗುತ್ತೆ’ ಎಂಬ ಉತ್ತರವೇ ಬರುತ್ತದೆ. ಅಪ್ಪನನ್ನು ಬೇರೆ, ಅಮ್ಮನನ್ನು ಬೇರೆ ಕೂರಿಸಿಕೊಂಡು ಕೇಳಿ: ರಾತ್ರಿ ಎಷ್ಟು ಸಲ ಏಳುತ್ತೀರಿ, ಒಂದು ಮಹಡಿ ಹತ್ತಿದರೆ ಏನಾಗುತ್ತದೆ, ಕಳೆದ ವರ್ಷ ಎಲ್ಲಾದರೂ ಬಿದ್ದಿದ್ದಿರಾ, ಮೂತ್ರ ಹೋಗುವ ಮಾತ್ರೆಯನ್ನು ಪ್ರಯಾಣದ ದಿನ ಬಿಟ್ಟುಬಿಡುತ್ತೀರಾ. ಉತ್ತರಗಳನ್ನು ಬರೆದುಕೊಂಡು ಅವರ ವೈದ್ಯರಿಗೆ ತೋರಿಸಿ. ಆಮೇಲೆ ಹಡಗು, ಕ್ಯಾಬಿನ್, ಇಳಿಯುವ ಊರು ಆರಿಸಿ. ಏಳು ದಿನ ಹೆಚ್ಚೆನಿಸಿದರೆ ಮೂರು ದಿನದ್ದೂ ಇರುತ್ತದೆ.

ಹಿರಿಯರಿಗೂ ಒಂದು ಮಾತು. ನಿಮ್ಮ ಕಾಯಿಲೆಗಳ ಪಟ್ಟಿ ಮಕ್ಕಳಿಗೆ ಹೊರೆಯಲ್ಲ. ನಿಮ್ಮನ್ನು ಕ್ಷೇಮವಾಗಿ ಕರೆದುಕೊಂಡು ಹೋಗಿ ಬರಲು ಅವರಿಗೆ ಬೇಕಾದ ಮೊದಲ ಕಾಗದವೇ ಅದು. ಎಪ್ಪತ್ತರಲ್ಲೂ ಎಂಬತ್ತರಲ್ಲೂ ಕಡಲು ನೋಡಬಹುದು, ನೋಡಬೇಕು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿ, ಆಗದ್ದನ್ನು ಆಗದು ಎನ್ನಿ, ಆಮೇಲೆ ನಿಶ್ಚಿಂತೆಯಿಂದ ಹಡಗು ಹತ್ತಿ.